ಸಂಬಳದ ದಿನ ಬಂದ ಇಕ್ಕಟ್ಟು: ಒಬ್ಬ ಮುಖ್ಯಸ್ಥೆಯ ಶಾಂತತೆ ಕೈಕೊಟ್ಟ ಹೊತ್ತು, ಕೈಹಿಡಿದ ಹೊತ್ತು

ಹಿನ್ನೆಲೆ

ಬೇರೆ ಕಂಪನಿಗಳ ಪರವಾಗಿ ಸಂಬಳದ ಲೆಕ್ಕ ನೋಡಿಕೊಳ್ಳುವ ಮಧ್ಯಮ ಗಾತ್ರದ ಸಂಸ್ಥೆಯೊಂದರಲ್ಲಿ ಈ ಪ್ರಕರಣ ನಡೆಯಿತು. ತಿಂಗಳ ಕೊನೆಯ ಕೆಲಸದ ದಿನ ಅಲ್ಲಿನ ಸರ್ವರ್‌ಗಳು ಪ್ರತಿ ಗ್ರಾಹಕ ಕಂಪನಿಗೆ ಒಂದೊಂದು ಪಾವತಿ ಫೈಲನ್ನು ಸಿದ್ಧಪಡಿಸಿ ಬ್ಯಾಂಕಿಗೆ ಕಳುಹಿಸುತ್ತವೆ. ಬ್ಯಾಂಕಿನಿಂದ ಸ್ವೀಕೃತಿ ಬಂದ ಮೇಲೆ ಆ ಕಂಪನಿಯ ಕೆಲಸ ಮುಗಿಯಿತೆಂದು ದಾಖಲಾಗುತ್ತದೆ. ಬ್ಯಾಂಕು ಆ ದಿನದ ಫೈಲುಗಳನ್ನು ಸಂಜೆ 4 ಗಂಟೆಯವರೆಗೆ ಮಾತ್ರ ಸ್ವೀಕರಿಸುತ್ತದೆ. ಅದರೊಳಗೆ ತಲುಪದ ಫೈಲಿನಲ್ಲಿರುವ ನೌಕರರಿಗೆ ಸಂಬಳ ಮರುದಿನ. ತಿಂಗಳ ಉಳಿದ ದಿನಗಳಲ್ಲಿ ಯಾರ ಗಮನಕ್ಕೂ ಬಾರದ ಈ ಗಡುವು ಆ ಒಂದು ದಿನ ಎಲ್ಲರ ತಲೆಯ ಮೇಲೂ ಕುಳಿತಿರುತ್ತದೆ.

ಪಾವತಿ ವಿಭಾಗದಲ್ಲಿ ಹನ್ನೆರಡು ಜನ. ಪ್ರೋಗ್ರಾಮ್ ಬರೆಯುವವರು, ಸರ್ವರ್‌ಗಳನ್ನು ನೋಡಿಕೊಳ್ಳುವವರು, ಕಳುಹಿಸಿದ ಮೊತ್ತವನ್ನೂ ಬ್ಯಾಂಕಿನ ಸ್ವೀಕೃತಿಯನ್ನೂ ತಾಳೆ ನೋಡುವ ಇಬ್ಬರು, ಗ್ರಾಹಕರ ಕರೆಗಳಿಗೆ ಉತ್ತರಿಸುವವರು. ಇವರೆಲ್ಲರ ಮುಖ್ಯಸ್ಥೆ ಆ ಹುದ್ದೆಯಲ್ಲಿ ಹಲವು ವರ್ಷಗಳಿಂದ ಇದ್ದವರು. ಅವರು ದನಿ ಏರಿಸಿದ್ದನ್ನು ಕೇಳಿದವರು ಆ ಕಚೇರಿಯಲ್ಲಿ ಇರಲಿಲ್ಲ. ಎಂಥ ಗೊಂದಲದಲ್ಲೂ ಮುಖದ ಗೆರೆ ಕದಲದು ಎಂಬುದು ಅವರ ಬಗ್ಗೆ ಇದ್ದ ಮೆಚ್ಚುಗೆಯ ಮಾತು, ಮತ್ತು ಅವರನ್ನು ಆ ಸ್ಥಾನಕ್ಕೆ ಆರಿಸಿದ್ದರ ಒಂದು ಕಾರಣವೂ ಹೌದು.

ಘಟನೆಯ ನಂತರ ನಡೆದ ಪರಿಶೀಲನೆಗೆ ಸಂಸ್ಥೆಯವರು ನನ್ನನ್ನು ಹೊರಗಿನವನಾಗಿ ಕರೆದಿದ್ದರು. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ನಡೆದವೋ ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಮೊದಲ ಒಂದೂವರೆ ಗಂಟೆ

ಬೆಳಿಗ್ಗೆ ಹತ್ತರ ಸುಮಾರಿಗೆ ಫೈಲುಗಳು ನಿಧಾನವಾಗಿ ಹೋಗುತ್ತಿವೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಸ್ವಲ್ಪ ಹೊತ್ತಿನಲ್ಲಿ ಕೆಲವು ಫೈಲುಗಳ ಮುಂದೆ ‘ಬ್ಯಾಂಕಿನಿಂದ ಉತ್ತರ ಬಂದಿಲ್ಲ’ ಎಂಬ ಸೂಚನೆ ಕಾಣಿಸಿತು. ಮುಖ್ಯಸ್ಥೆ ಎಲ್ಲರನ್ನೂ ಒಂದು ಆನ್‌ಲೈನ್ ಕರೆಗೆ ಸೇರಿಸಿಕೊಂಡು, ಎಂದಿನ ಮೆಲುದನಿಯಲ್ಲಿ, ಆತುರಪಡುವ ಅಗತ್ಯವಿಲ್ಲ, ತಿಂಗಳ ಕೊನೆಯ ದಟ್ಟಣೆ ಇರಬಹುದು, ನೋಡೋಣ ಎಂದರು. ನಂತರ ಮೂವರಿಗೆ ಬೇರೆ ಬೇರೆಯಾಗಿ ಸಂದೇಶ ಕಳುಹಿಸಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಳಿದರು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಸರ್ವರ್‌ನ ದಾಖಲೆಗಳನ್ನು ತೆರೆದು ತಾವೇ ಓದಲು ಕುಳಿತರು.

ಅದೇ ಹೊತ್ತಿಗೆ ಸಂಸ್ಥೆಯ ನಿರ್ದೇಶಕರೊಬ್ಬರು ಕರೆಗೆ ಸೇರಿಕೊಂಡರು. ದೊಡ್ಡ ಗ್ರಾಹಕರೊಬ್ಬರು ಅವರಿಗೇ ನೇರವಾಗಿ ಫೋನ್ ಮಾಡಿದ್ದರು. ‘ಎಷ್ಟು ಹೊತ್ತಾಗುತ್ತದೆ?’ ಎಂಬ ಪ್ರಶ್ನೆ ಐದೈದು ನಿಮಿಷಕ್ಕೊಮ್ಮೆ ಬರತೊಡಗಿತು. ಪ್ರತಿ ಬಾರಿಯೂ ಮುಖ್ಯಸ್ಥೆ ಸಮಾಧಾನದಿಂದ ಉತ್ತರಿಸಿದರು. ತಂಡದವರ ಮೇಲೆ ಆ ಬಿಸಿ ಬೀಳಬಾರದೆಂದು ಎಲ್ಲವನ್ನೂ ತಾವೇ ಹೊತ್ತುಕೊಂಡರು. ಹೊರಗಿನಿಂದ ನೋಡಿದವರಿಗೆ ಇದು ಮಾದರಿ ನಡವಳಿಕೆಯೆಂದೇ ತೋರುತ್ತಿತ್ತು.

ಒಳಗೆ ಆಗುತ್ತಿದ್ದುದು ಬೇರೆ. ಪರಿಶೀಲನೆಯಲ್ಲಿ ಅವರೇ ಹೇಳಿದಂತೆ, ಆ ಹೊತ್ತಿನಲ್ಲಿ ಅವರು ಒಂದೇ ಸಾಲನ್ನು ಮೂರು ಬಾರಿ ಓದಿಯೂ ಅರ್ಥ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಗಮನದ ಬಹುಪಾಲು ತಮ್ಮ ದನಿಯನ್ನು ಸಮವಾಗಿ ಇಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತಿತ್ತು. ತಂಡದ ಮೇಲೆ ಅದರ ಪರಿಣಾಮ ಇನ್ನೂ ವಿಚಿತ್ರವಾಗಿತ್ತು: ಇದು ಸಣ್ಣ ವಿಷಯವೆಂದು ಹೆಚ್ಚಿನವರು ತೀರ್ಮಾನಿಸಿದರು. ಒಬ್ಬರು ಮುಂದಿನ ತಿಂಗಳ ಕೆಲಸ ಕೈಗೆತ್ತಿಕೊಂಡರು. ಇನ್ನೊಬ್ಬರು ಬ್ಯಾಂಕಿಗೆ ಮಾಡಬೇಕಿದ್ದ ಫೋನನ್ನು ಮಧ್ಯಾಹ್ನಕ್ಕೆ ಮುಂದೂಡಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ತಾಳೆ ನೋಡುವ ಮೇಜಿನಲ್ಲಿ ನಡೆಯಿತು. ಕೆಲಸಕ್ಕೆ ಸೇರಿ ಒಂದು ವರ್ಷವೂ ತುಂಬದ ಕಿರಿಯ ಉದ್ಯೋಗಿಯೊಬ್ಬರು, ಒಂದೇ ಕಂಪನಿಗೆ ಬ್ಯಾಂಕಿನಿಂದ ಎರಡು ಸ್ವೀಕೃತಿಗಳು ಬಂದಿರುವುದನ್ನು ಹನ್ನೊಂದಕ್ಕೆ ಮೊದಲೇ ಗಮನಿಸಿದ್ದರು. ಫೈಲಿನ ಸಂಖ್ಯೆ ಬೇರೆ, ಮೊತ್ತ ಒಂದೇ. ಅವರು ಅದನ್ನು ತಮ್ಮ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡು ಸುಮ್ಮನಾದರು. ಏಕೆ ಹೇಳಲಿಲ್ಲ ಎಂದು ನಂತರ ಕೇಳಿದಾಗ ಅವರು ಕೊಟ್ಟ ಉತ್ತರ ಈ ಇಡೀ ಪ್ರಕರಣದ ತಿರುಳು: ‘ಮೇಡಂ ದನಿ ಕೇಳಿದರೆ ಅವರಿಗೆ ಎಲ್ಲ ಗೊತ್ತಿದೆ ಅನ್ನಿಸಿತು. ಗೊತ್ತಿರುವುದನ್ನೇ ಹೇಳಿ ಅವರ ಸಮಯ ಯಾಕೆ ಹಾಳುಮಾಡಲಿ ಅಂದುಕೊಂಡೆ.’

ನಾಯಕರ ಶಾಂತತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಬದಿಯನ್ನು ಮುಟ್ಟುವುದಿಲ್ಲ. ಕಿರುಚಾಡುವ ಮೇಲಧಿಕಾರಿಯ ಎದುರು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಏನೂ ಆಗಿಲ್ಲವೆಂಬಂತೆ ಕಾಣುವ ಮೇಲಧಿಕಾರಿಯ ಎದುರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿ ತಡೆಯುವುದು ಭಯವಲ್ಲ, ನಂಬಿಕೆ. ಭಾವನೆಯನ್ನು ಮುಖದಲ್ಲಿ ತೋರಗೊಡದೆ ಒತ್ತಿಹಿಡಿಯುವುದರ ಬಗ್ಗೆ ಮನಶ್ಶಾಸ್ತ್ರಜ್ಞರು ಪ್ರಯೋಗಗಳನ್ನು ಮಾಡಿದ್ದಾರೆ. 2003ರಲ್ಲಿ ಪ್ರಕಟವಾದ, ಎಮಿಲಿ ಬಟ್ಲರ್ ಮತ್ತು ಜೇಮ್ಸ್ ಗ್ರಾಸ್ ಅವರಿದ್ದ ಒಂದು ಅಧ್ಯಯನದಲ್ಲಿ, ಮನಸ್ಸು ಕಲಕುವ ವಿಷಯವೊಂದನ್ನು ಇಬ್ಬರು ಮಾತನಾಡುವಾಗ ಒಬ್ಬರು ತಮ್ಮ ಭಾವನೆಯನ್ನು ಒತ್ತಿಹಿಡಿದರೆ, ಏನೂ ತಿಳಿಯದೆ ಎದುರು ಕುಳಿತ ಇನ್ನೊಬ್ಬರ ರಕ್ತದೊತ್ತಡವೂ ಏರುವುದು ಕಂಡುಬಂದಿತ್ತು. ಮುಚ್ಚಿಟ್ಟದ್ದು ಮುಚ್ಚಿಟ್ಟವರಲ್ಲೇ ಉಳಿಯುವುದಿಲ್ಲ ಎಂದಾಯಿತು. ಈ ಕಚೇರಿಯಲ್ಲಿ ಯಾರೂ ರಕ್ತದೊತ್ತಡ ಅಳೆಯಲಿಲ್ಲ, ಆದರೆ ಅಂದು ಬೆಳಿಗ್ಗೆ ಕರೆಯಲ್ಲಿದ್ದ ಮೌನವನ್ನು ನೆನಪಿಸಿಕೊಂಡ ಹಿರಿಯ ಉದ್ಯೋಗಿಯೊಬ್ಬರು ‘ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಕೇಳುವ ಹಾಗಿರಲಿಲ್ಲ’ ಎಂದದ್ದು ಅದಕ್ಕೆ ಹತ್ತಿರದ ಮಾತು.

ತಿರುವು

ಹನ್ನೊಂದೂವರೆಗೆ ಒಂದು ಗ್ರಾಹಕ ಕಂಪನಿಯ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. ಅವರ ನೌಕರರ ಖಾತೆಗೆ ಸಂಬಳ ಎರಡು ಸಲ ಜಮೆಯಾಗಿತ್ತು. ಅದುವರೆಗೆ ಇದ್ದ ಸಮಸ್ಯೆ ‘ತಡ’. ಈಗ ಅದು ‘ತಪ್ಪು ಪಾವತಿ’ ಆಯಿತು. ನಿರ್ದೇಶಕರ ಆದೇಶ ಸ್ಪಷ್ಟವಾಗಿತ್ತು: ಇಡೀ ವ್ಯವಸ್ಥೆಯನ್ನು ಈಗಲೇ ಮತ್ತೆ ಚಾಲೂ ಮಾಡಿ, ಉಳಿದ ಫೈಲುಗಳು 4 ಗಂಟೆಯೊಳಗೆ ಹೋಗಲಿ, ಎರಡು ಸಲ ಹೋದದ್ದನ್ನು ಆಮೇಲೆ ನೋಡಿಕೊಳ್ಳೋಣ. ಆ ಗಳಿಗೆಯಲ್ಲಿ ಅದು ಅಸಂಬದ್ಧ ಆದೇಶವೇನೂ ಆಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಗಡಿಯಾರ ನೋಡುತ್ತಿದ್ದ ಯಾರಿಗೂ ಅದು ಸರಿಯೆನ್ನಿಸುತ್ತಿತ್ತು.

ಮುಖ್ಯಸ್ಥೆ ಎರಡು ನಿಮಿಷ ಸಮಯ ಕೊಡಿ ಎಂದು ಕೇಳಿ ತಮ್ಮ ಮೈಕ್ ಆಫ್ ಮಾಡಿದರು. ಕುರ್ಚಿ ಬಿಟ್ಟೆದ್ದು ಕಿಟಕಿಯ ಬಳಿ ನಿಂತು ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟರು. ಉಸಿರು ಒಳಕ್ಕೆ ಹೋಗುವಾಗ ಹೃದಯಬಡಿತ ತುಸು ಚುರುಕಾಗುತ್ತದೆ, ಹೊರಬರುವಾಗ ನಿಧಾನವಾಗುತ್ತದೆ. ದೀರ್ಘ ನಿಶ್ವಾಸದ ಹಿಂದೆ ಇರುವುದು ಈ ಸರಳ ದೇಹಧರ್ಮ. ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಉಸಿರಿಗಿಂತ ಹೆಚ್ಚಾಗಿ ಕಾಗದ ಎಂದು ನನ್ನ ಅಂದಾಜು. ಒಂದು ಹಾಳೆಯ ಮೇಲೆ ಮೂರು ಅಂಕಣ ಎಳೆದು ಗೊತ್ತಿರುವುದು, ಗೊತ್ತಿಲ್ಲದ್ದು, ಮಾಡಿದರೆ ಹಿಂದಕ್ಕೆ ಪಡೆಯಲಾಗದ್ದು ಎಂದು ಬರೆದರು. ಆ ಹಾಳೆಯನ್ನು ಪರಿಶೀಲನೆಯಲ್ಲಿ ನೋಡಿದೆ. ಮೊದಲ ಅಂಕಣದಲ್ಲಿ ಒಂದೇ ಸಾಲು. ಎರಡನೆಯದು ತುಂಬಿತ್ತು. ಮೂರನೆಯದರಲ್ಲಿ ಇದ್ದದ್ದು ‘ಕಳುಹಿಸುವುದು’ ಎಂಬ ಒಂದು ಪದ.

ತಡವಾದ ಸಂಬಳವನ್ನು ಮರುದಿನ ಕೊಡಬಹುದು. ಖಾತೆ ಸೇರಿದ ಹಣವನ್ನು ವಾಪಸು ತರುವುದಕ್ಕೆ ಪಡೆದವರ ಒಪ್ಪಿಗೆ, ಬ್ಯಾಂಕಿನ ಪ್ರಕ್ರಿಯೆ, ಗ್ರಾಹಕರ ಸಹನೆ ಎಲ್ಲವೂ ಬೇಕು. ಹೀಗೆ ಎದುರುಬದುರು ಇಟ್ಟು ನೋಡಿದಾಗ ಉತ್ತರ ತಾನಾಗಿ ಸಿಕ್ಕಿತು. ಅವರು ಕರೆಗೆ ಹಿಂತಿರುಗಿ, ಒಂದು ಫೈಲೂ ಹೊರಗೆ ಹೋಗದಂತೆ ಎಲ್ಲ ಕಳುಹಿಸುವಿಕೆಯನ್ನು ನಿಲ್ಲಿಸಿದರು. ನಿರ್ದೇಶಕರು ಕೋಪಗೊಂಡರು. ಆಗ ಅವರು ಕೊಟ್ಟ ಉತ್ತರ ವಾದದ ಧಾಟಿಯದ್ದಾಗಿರಲಿಲ್ಲ: ‘ನಿಲ್ಲಿಸಿದ್ದರ ಹೊಣೆ ನನ್ನದು, ಸರ್. ಹದಿನೈದು ನಿಮಿಷಕ್ಕೊಮ್ಮೆ ನಾನೇ ನಿಮಗೆ ಫೋನ್ ಮಾಡಿ ಏನಾಗಿದೆ ಅಂತ ಹೇಳುತ್ತೇನೆ. ಹೇಳಲು ಏನೂ ಇಲ್ಲದಿದ್ದರೆ ಅದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ಈ ಕರೆಯನ್ನು ಕೆಲಸ ಮಾಡುವವರಿಗೆ ಬಿಟ್ಟುಕೊಡಿ.’ ನಿರ್ದೇಶಕರು ಒಲ್ಲದ ಮನಸ್ಸಿನಿಂದ ಹೊರನಡೆದರು. ಮುಂದಿನ ಹದಿನೈದನೆಯ ನಿಮಿಷಕ್ಕೆ ಸರಿಯಾಗಿ ಫೋನ್ ಬಂದದ್ದರಿಂದ ಮತ್ತೆ ಒಳಗೆ ಬರಲಿಲ್ಲ. ಮೇಲಿನವರ ಪದೇಪದೇ ಪ್ರಶ್ನೆಗಳು ಅನೇಕ ವೇಳೆ ಅಧಿಕಾರದ ದರ್ಪದಿಂದ ಹುಟ್ಟುವುದಿಲ್ಲ, ಮುಂದಿನ ಸುದ್ದಿ ಯಾವಾಗ ಸಿಗುತ್ತದೆಂದು ತಿಳಿಯದ ಕಳವಳದಿಂದ ಹುಟ್ಟುತ್ತವೆ. ಒಂದು ನಿಶ್ಚಿತ ಹೊತ್ತು ಹೇಳಿ ಅದನ್ನು ಪಾಲಿಸುವುದು ಅದಕ್ಕಿರುವ ಸರಳ ಮದ್ದು.

ಎರಡನೆಯ ತೀರ್ಮಾನವನ್ನು ನಾನು ಮೊದಲನೆಯದಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಅವರು ತಂಡಕ್ಕೆ ಹೇಳಿದ ಮಾತುಗಳು ಕರೆಯ ಧ್ವನಿಮುದ್ರಿಕೆಯಲ್ಲಿ ಉಳಿದಿವೆ: ‘ಇದು ಗಂಭೀರ. ಕಾರಣ ನನಗೆ ಗೊತ್ತಿಲ್ಲ. ಬೆಳಗಿನಿಂದ ಯಾರಿಗೆ ಏನು ವಿಚಿತ್ರವಾಗಿ ಕಂಡಿದ್ದರೂ ಈಗ ಹೇಳಿ, ಸಣ್ಣದಾದರೂ ಸರಿ. ಸೇರಿ ಕಡಿಮೆ ಸಮಯ ಆದವರು ಮೊದಲು.’ ದನಿ ಬೆಳಗಿನಷ್ಟೇ ಮೆಲುವಾಗಿತ್ತು. ಬದಲಾದದ್ದು ಒಳಗಿನ ಮಾತು. ಆ ಕಿರಿಯ ಉದ್ಯೋಗಿ ನೋಟ್‌ಪುಸ್ತಕ ತೆರೆದು ಎರಡು ಸ್ವೀಕೃತಿಗಳ ವಿಷಯ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಪ್ರೋಗ್ರಾಮರ್ ಒಬ್ಬರಿಗೆ ಕಾರಣದ ಎಳೆ ಸಿಕ್ಕಿತ್ತು.

ಬ್ಯಾಂಕಿನ ಸ್ವೀಕೃತಿಗಾಗಿ ಪ್ರೋಗ್ರಾಮ್ ಇಂತಿಷ್ಟು ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಬಾರದಿದ್ದರೆ ಫೈಲು ತಲುಪಿಲ್ಲವೆಂದು ಭಾವಿಸಿ ಮತ್ತೆ ಕಳುಹಿಸುತ್ತದೆ. ಅಂದು ಫೈಲುಗಳು ತಲುಪುತ್ತಿದ್ದವು, ಸ್ವೀಕೃತಿಯನ್ನು ಓದಿಕೊಳ್ಳುವುದು ಮಾತ್ರ ತಡವಾಗುತ್ತಿತ್ತು. ಮರುಕಳುಹಿಸುವಾಗ ಪ್ರೋಗ್ರಾಮ್ ಪ್ರತಿ ಸಲವೂ ಹೊಸ ಸಂಖ್ಯೆ ಕೊಡುತ್ತಿದ್ದುದರಿಂದ, ಸಂಖ್ಯೆ ನೋಡಿ ನಕಲನ್ನು ತಡೆಯುವ ಬ್ಯಾಂಕಿನ ಜರಡಿಯಲ್ಲಿ ಅದು ಸಿಕ್ಕಿಬೀಳಲಿಲ್ಲ. ನಿರ್ದೇಶಕರು ಹೇಳಿದಂತೆ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿದ್ದರೆ, ಅದುವರೆಗೆ ‘ಉತ್ತರ ಬಂದಿಲ್ಲ’ ಎಂದು ನಿಂತಿದ್ದ ಪ್ರತಿ ಫೈಲೂ ಹೊಸ ಸಂಖ್ಯೆ ಹೊತ್ತು ಮತ್ತೊಮ್ಮೆ ಹೋಗುತ್ತಿತ್ತು.

ಯಾರು ಮಾಡಿದ್ದು ಎಂಬ ಪ್ರಶ್ನೆ

ಕಾರಣ ತಿಳಿದೊಡನೆ ಕರೆಯಲ್ಲಿ ಯಾರೋ ಕೇಳಿದರು: ನಿನ್ನೆ ರಾತ್ರಿ ಸರ್ವರ್‌ನಲ್ಲಿ ಬದಲಾವಣೆ ಮಾಡಿದವರು ಯಾರು? ಮಾಡಿದವರು ಅದೇ ಕರೆಯಲ್ಲಿದ್ದರು. ಅನುಭವಸ್ಥ ಎಂಜಿನಿಯರ್, ರಾತ್ರಿ ಸರಿಯಾಗಿ ನಿದ್ದೆ ಮಾಡದವರು. ಮುಖ್ಯಸ್ಥೆ ‘ಆ ಪ್ರಶ್ನೆ ಇವತ್ತಿನದಲ್ಲ. ಇವತ್ತಿನ ಪ್ರಶ್ನೆ ಏನು ಬದಲಾಯಿತು ಅನ್ನುವುದು’ ಎಂದರು. ಎಂಜಿನಿಯರ್ ತಾವೇ ಮುಂದೆ ಬಂದು, ಬೇರೊಂದು ದೋಷ ಹುಡುಕಲು ಸರ್ವರ್‌ನ ದಾಖಲಾತಿಯನ್ನು ಹೆಚ್ಚು ವಿವರವಾಗಿ ಇಟ್ಟಿದ್ದಾಗಿಯೂ, ಅದರಿಂದ ಪ್ರತಿ ಉತ್ತರವನ್ನು ಓದಿಕೊಳ್ಳುವುದು ನಿಧಾನವಾಗಿರಬಹುದೆಂದೂ ತಿಳಿಸಿದರು. ಅದನ್ನು ಹಿಂದಿನಂತೆ ಮಾಡಲು ಕೆಲವೇ ನಿಮಿಷ ಸಾಕಾಯಿತು. ದೋಷಾರೋಪದ ಮಾತು ಅಲ್ಲಿಗೇ ನಿಲ್ಲದಿದ್ದರೆ ಆ ಮನುಷ್ಯ ತನ್ನನ್ನು ಸಮರ್ಥಿಸಿಕೊಳ್ಳುವುದರಲ್ಲಿ ಎಷ್ಟು ಹೊತ್ತು ಕಳೆಯುತ್ತಿದ್ದರೋ ಹೇಳಲಾಗದು. ಮರುದಿನ ಆ ಪ್ರಶ್ನೆಯನ್ನು ನಿಜಕ್ಕೂ ಎತ್ತಿಕೊಂಡರು ಎಂಬುದನ್ನೂ ದಾಖಲಿಸಬೇಕು. ತಿಂಗಳ ಕೊನೆಯ ಹಿಂದಿನ ರಾತ್ರಿ ಇಂಥ ಬದಲಾವಣೆ ಮಾಡಲು ಅನುಮತಿ ಕೊಟ್ಟದ್ದು ಮುಖ್ಯಸ್ಥೆಯೇ ಎಂಬುದು ಆಗ ಹೊರಬಂತು. ಮುಂದೂಡುವುದು ಬೇರೆ, ಮುಚ್ಚಿಹಾಕುವುದು ಬೇರೆ.

ಮಧ್ಯಾಹ್ನದ ಕೆಲಸ

ಉಳಿದದ್ದು ಬಹುಪಾಲು ತಾಳ್ಮೆಯ ದುಡಿಮೆ. ತಾನಾಗಿ ಮರುಕಳುಹಿಸುವ ಭಾಗವನ್ನು ಸಂಪೂರ್ಣ ಮುಚ್ಚಿದರು. ಬ್ಯಾಂಕಿನವರೊಡನೆ ಫೋನಿನಲ್ಲೇ ಇದ್ದುಕೊಂಡು, ಅಲ್ಲಿಗೆ ತಲುಪಿದ ಫೈಲುಗಳ ಪಟ್ಟಿಯನ್ನು ತಮ್ಮ ಪಟ್ಟಿಯೊಡನೆ ಸಾಲುಸಾಲಾಗಿ ತಾಳೆ ನೋಡಿದರು. ತಲುಪಿಲ್ಲವೆಂದು ಖಚಿತವಾದದ್ದನ್ನು ಮಾತ್ರ ಒಂದೊಂದಾಗಿ ಕಳುಹಿಸಿ, ಬ್ಯಾಂಕು ಹೌದೆಂದ ಮೇಲೆ ಮುಂದಿನದಕ್ಕೆ ಕೈಹಾಕಿದರು.

ಮುಖ್ಯಸ್ಥೆ ಈ ಹಂತದಲ್ಲಿ ಕೀಲಿಮಣೆಯಿಂದ ದೂರ ಉಳಿದರು. ದಾಖಲೆ ಓದುವ ಕೆಲಸವನ್ನು ಒಬ್ಬರಿಗೆ, ಬ್ಯಾಂಕಿನ ಮಾತುಕತೆಯನ್ನು ಇನ್ನೊಬ್ಬರಿಗೆ, ಗ್ರಾಹಕರಿಗೆ ಬರೆಯುವುದನ್ನು ಮತ್ತೊಬ್ಬರಿಗೆ ಒಪ್ಪಿಸಿ, ಯಾರಿಗೆ ಏನು ಕೊಟ್ಟಿದೆ ಎಂಬುದನ್ನು ಎಲ್ಲರ ಎದುರೇ ಹೇಳಿದರು. ಮುಂದಾಳು ತಾನೇ ಒಂದು ವಿವರದಲ್ಲಿ ಮುಳುಗಿದಾಗ ಏನಾಗುತ್ತದೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಕಹಿ ಉದಾಹರಣೆಯಿದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಇಂಧನ ಮುಗಿದು ನೆಲಕ್ಕುರುಳಿತು. ಹತ್ತು ಜನ ಸತ್ತರು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬ ಶಂಕೆಯಲ್ಲಿ ವಿಮಾನ ಸುಮಾರು ಒಂದು ಗಂಟೆ ಸುತ್ತು ಹಾಕುತ್ತಿತ್ತು. ಕ್ಯಾಪ್ಟನ್ ದಿಗಿಲುಬಿದ್ದಿರಲಿಲ್ಲ, ಸಮಾಧಾನದಿಂದಲೇ, ಆದರೆ ಆ ಒಂದೇ ತೊಡಕಿನ ಮೇಲೆ ಗಮನವಿಟ್ಟು, ತುರ್ತು ಇಳಿಯುವಿಕೆಗೆ ಸಿದ್ಧತೆ ನಡೆಸುತ್ತಿದ್ದರು. ಇಂಧನ ಕಡಿಮೆಯಾಗುತ್ತಿರುವುದು ಜೊತೆಯವರಿಗೆ ಕಾಣುತ್ತಿತ್ತು, ಅವರು ಹೇಳಿದ್ದೂ ಉಂಟು. ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳಲಿಲ್ಲ. ಇಂಥ ಅಪಘಾತಗಳ ನಂತರ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಬೆಳೆದ ತರಬೇತಿಯನ್ನು ಇಂದು ಜಗತ್ತಿನಾದ್ಯಂತ ವಿಮಾನ ಸಿಬ್ಬಂದಿಗೆ ಕೊಡುತ್ತಾರೆ. ಕಿರಿಯರು ಎದುರಾಡುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಅಭ್ಯಾಸದಿಂದ ಕಲಿಸುವುದು ಅದರ ಒಂದು ಮುಖ್ಯ ಭಾಗ. ಸಂಬಳ ವಿಭಾಗದ ಬೆಳಗಿನ ಒಂದೂವರೆ ಗಂಟೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಆಪತ್ತಿನ ಗಾತ್ರ ಹೋಲಿಸುವಂಥದ್ದಲ್ಲದಿದ್ದರೂ ಎಡವಿದ ಜಾಗ ಒಂದೇ.

ಎರಡೂವರೆಯ ಹೊತ್ತಿಗೆ ದಣಿವು ಕಾಣಿಸಿತು. ಕಳುಹಿಸುತ್ತಿದ್ದವರು ಒಂದು ಫೈಲನ್ನು ಬ್ಯಾಂಕಿನ ಖಚಿತ ಉತ್ತರ ಬರುವ ಮೊದಲೇ ಒತ್ತಲು ಹೋದರು, ಪಕ್ಕದವರು ತಡೆದರು. ಮುಖ್ಯಸ್ಥೆ ಕಾಲು ಗಂಟೆ ಎಲ್ಲವನ್ನೂ ನಿಲ್ಲಿಸಿ ಆ ಕೆಲಸಕ್ಕೆ ಬೇರೆ ಕೈ ಹಾಕಿದರು. ಗಡುವಿಗೆ ಒಂದೂವರೆ ಗಂಟೆಯಿರುವಾಗ ಕಾಲು ಗಂಟೆ ಬಿಟ್ಟುಕೊಡುವುದು ಸುಲಭವಲ್ಲ, ತಂಡದಲ್ಲಿ ಕೆಲವರಿಗೆ ಅದು ಹಿಡಿಸಲೂ ಇಲ್ಲ.

ಕಡೆಯ ಕಗ್ಗಂಟು ಸರದಿಯದು. ಎಲ್ಲ ಫೈಲುಗಳೂ 4ರೊಳಗೆ ಹೋಗುವುದಿಲ್ಲವೆಂಬುದು ಮೂರರ ಸುಮಾರಿಗೆ ಖಚಿತವಾಯಿತು. ಅತಿ ದೊಡ್ಡ ಗ್ರಾಹಕರದ್ದು ಮೊದಲು ಹೋಗಲಿ ಎಂದು ನಿರ್ದೇಶಕರ ಸೂಚನೆ. ಆ ಫೈಲಿನ ತಾಳೆ ಇನ್ನೂ ಮುಗಿದಿರಲಿಲ್ಲ. ತಾಳೆ ಮುಗಿದದ್ದು ಮೊದಲು ಎಂಬ ಒಂದೇ ನಿಯಮಕ್ಕೆ ಮುಖ್ಯಸ್ಥೆ ಅಂಟಿಕೊಂಡರು, ಮತ್ತು ಮುಂದಿನ ಎರಡು ಫೋನ್‌ಗಳಲ್ಲೂ ಅದೇ ಉತ್ತರವನ್ನು ಅದೇ ಪದಗಳಲ್ಲಿ ಕೊಟ್ಟರು.

ಏನಾಯಿತು

ಗಡುವಿನೊಳಗೆ ಹೆಚ್ಚಿನ ಕಂಪನಿಗಳ ಫೈಲುಗಳು ಹೋದವು. ಕೆಲವು ಉಳಿದವು, ಅವುಗಳಲ್ಲಿ ಆ ದೊಡ್ಡ ಗ್ರಾಹಕರದ್ದೂ ಒಂದು. ಅವರ ನೌಕರರಿಗೆ ಸಂಬಳ ಮರುದಿನ ಬೆಳಿಗ್ಗೆ ಸಿಕ್ಕಿತು. ಪಾವತಿ ನಿಲ್ಲಿಸಿದ ಮೇಲೆ ಒಂದು ಖಾತೆಗೂ ಎರಡು ಸಲ ಹಣ ಹೋಗಲಿಲ್ಲ. ಅದಕ್ಕೆ ಮೊದಲು ಹೋಗಿದ್ದರಲ್ಲಿ ಒಂದಿಷ್ಟನ್ನು ಬ್ಯಾಂಕಿನ ಮೂಲಕ ಹಿಂಪಡೆದರು. ಉಳಿದದ್ದನ್ನು ನೌಕರರ ಒಪ್ಪಿಗೆ ಪಡೆದು ನಂತರದ ತಿಂಗಳುಗಳ ಸಂಬಳದಲ್ಲಿ ಹೊಂದಿಸಿದರು. ಆ ಕೆಲಸ ಮುಗಿಯಲು ವಾರಗಳೇ ಹಿಡಿದವು. ದೊಡ್ಡ ಗ್ರಾಹಕರು ಕೆಲವು ತಿಂಗಳ ನಂತರ ಬೇರೆ ಸಂಸ್ಥೆಗೆ ಹೋದರು. ಸರದಿಯ ಆ ತೀರ್ಮಾನವೇ ಅದಕ್ಕೆ ಕಾರಣವೆಂದು ನಿರ್ದೇಶಕರು ಈಗಲೂ ನಂಬಿದ್ದಾರೆ. ಅವರ ನಂಬಿಕೆ ತಪ್ಪೆಂದು ಸಾಧಿಸುವ ಆಧಾರ ನನ್ನ ಬಳಿಯೂ ಇಲ್ಲ. ಸರಿಯಾದ ಕಾರಣಕ್ಕೆ ತೆಗೆದುಕೊಂಡ ತೀರ್ಮಾನಕ್ಕೂ ಬೆಲೆ ತೆರಬೇಕಾಗುತ್ತದೆ.

ಕಲಿಯಲು ಏನಿದೆ

ಈ ಪ್ರಕರಣವನ್ನು ‘ಶಾಂತ ನಾಯಕಿ ಸಂಸ್ಥೆಯನ್ನು ಕಾಪಾಡಿದರು’ ಎಂದು ಓದುವುದು ಸುಲಭ. ಸಂಸ್ಥೆಯ ಒಳಗಿನ ವರದಿಯ ಮೊದಲ ಕರಡಿನಲ್ಲಿ ಹಾಗೆಯೇ ಇತ್ತು, ಮತ್ತು ಅದನ್ನು ತೆಗೆಸಿದ್ದು ಸ್ವತಃ ಮುಖ್ಯಸ್ಥೆ. ಬೆಳಿಗ್ಗೆಯೂ ಮಧ್ಯಾಹ್ನವೂ ಅವರ ದನಿ, ಮುಖ, ನಡೆ ಒಂದೇ ಬಗೆಯಲ್ಲಿದ್ದವು. ಬೆಳಿಗ್ಗೆ ಅದು ಮಾಹಿತಿಯನ್ನು ತಡೆಯಿತು, ಮಧ್ಯಾಹ್ನ ಮಾಹಿತಿಯನ್ನು ಹೊರತಂದಿತು. ವ್ಯತ್ಯಾಸವಿದ್ದದ್ದು ಅವರು ಹೇಳಿದ್ದರಲ್ಲಿ ಮತ್ತು ಕೆಲಸ ಹಂಚಿದ ರೀತಿಯಲ್ಲಿ. ಪರಿಸ್ಥಿತಿ ಎಷ್ಟು ಗಂಭೀರ, ತನಗೆ ಏನು ಗೊತ್ತಿಲ್ಲ, ಈಗ ತೀರ್ಮಾನ ಯಾರದು, ಮುಂದಿನ ಸುದ್ದಿ ಯಾವಾಗ: ಇವನ್ನು ಬಾಯಿಬಿಟ್ಟು ಹೇಳದ ತನಕ ಮೆಲುದನಿ ಪರದೆಯಂತೆ ಕೆಲಸ ಮಾಡುತ್ತದೆ, ಅದರ ಹಿಂದೆ ಏನಿದೆಯೆಂದು ಕೆಳಗಿನವರು ಊಹಿಸುತ್ತ ಕೂರುತ್ತಾರೆ.

ಹಾಗೆಂದು ಕಳವಳವನ್ನೆಲ್ಲ ತಂಡದ ಮೇಲೆ ಸುರಿಯಬೇಕೆಂದಲ್ಲ. ‘ನನಗೆ ಗೊತ್ತಿಲ್ಲ’ ಎಂದು ದಿಗಿಲಿನಿಂದ ಹೇಳಿದ್ದರೆ ಆ ಕಿರಿಯ ಉದ್ಯೋಗಿ ಬಹುಶಃ ಇನ್ನಷ್ಟು ಮುದುಡಿಕೊಳ್ಳುತ್ತಿದ್ದರು. ಗಂಭೀರ ಸಂಗತಿಯನ್ನು ಸಮವಾದ ದನಿಯಲ್ಲಿ ಹೇಳುವುದು ಒಂದು ಪ್ರತ್ಯೇಕ ಕೌಶಲ. ದನಿ ಮತ್ತು ಸಂಗತಿ ಎರಡೂ ಸಪ್ಪೆಯಾದಾಗ ಅಲ್ಲಿ ಶಾಂತತೆಯ ಹೊರರೂಪ ಮಾತ್ರ ಉಳಿಯುತ್ತದೆ. ಸ್ವಭಾವದಿಂದಲೇ ಮೆಲುಮಾತಿನವರಾದ ಮುಖ್ಯಸ್ಥರಿಗೆ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಅವರ ಮುಖ ನೋಡಿ ಪರಿಸ್ಥಿತಿಯ ತೂಕ ಅಳೆಯುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ಆ ಎರಡು ನಿಮಿಷಗಳ ಬಗ್ಗೆಯೂ ಒಂದು ಮಾತು. ಅವರು ಕೇಳಿದ್ದರಿಂದ ಅದು ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೇ ಕೇಳಿದ್ದರೆ ಆಗಲೂ ಸಿಗುತ್ತಿತ್ತು, ಆದರೆ ಕೇಳುವುದು ದೌರ್ಬಲ್ಯದಂತೆ ಕಂಡೀತೆಂಬ ಅಳುಕು ಆಗ ಇತ್ತು ಎಂದು ಅವರು ಹೇಳಿದರು. ಹಿಂದಕ್ಕೆ ಪಡೆಯಲಾಗದ ಕೆಲಸವೊಂದು ತಾನಾಗಿ ನಡೆಯುತ್ತಿರುವಾಗ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಯೋಚಿಸುವ ಅಧಿಕಾರ ಈಗ ಆ ವಿಭಾಗದ ಹನ್ನೆರಡೂ ಜನಕ್ಕೆ ಲಿಖಿತವಾಗಿ ಇದೆ. ನಿಲ್ಲಿಸಿದವರನ್ನು ಆ ದಿನ ಯಾರೂ ಪ್ರಶ್ನಿಸುವಂತಿಲ್ಲ. ಮರುಕಳುಹಿಸುವ ಫೈಲಿಗೆ ಈಗ ಹಳೆಯ ಸಂಖ್ಯೆಯೇ ಇರುತ್ತದೆ. ತಿಂಗಳ ಕೊನೆಯ ವಾರ ಸರ್ವರ್‌ನಲ್ಲಿ ಬದಲಾವಣೆಗಳಿಗೆ ಅವಕಾಶವಿಲ್ಲ. ಕೆಲಸದ ಕರೆ ಬೇರೆ, ಮೇಲಿನವರಿಗೆ ಸುದ್ದಿ ಕೊಡುವ ಕರೆ ಬೇರೆ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಮಧ್ಯಾಹ್ನದ ತೀರ್ಮಾನಗಳೆಲ್ಲ ಒಬ್ಬರೇ ತೆಗೆದುಕೊಂಡವು. ಅವರು ರಜೆಯಲ್ಲಿದ್ದಿದ್ದರೆ ನಿರ್ದೇಶಕರ ಆದೇಶಕ್ಕೆ ಎದುರು ನಿಲ್ಲುವವರು ಯಾರೆಂಬ ಪ್ರಶ್ನೆಗೆ ಪರಿಶೀಲನೆಯಲ್ಲಿ ಯಾರೂ ಉತ್ತರಿಸಲಿಲ್ಲ. ಉಪಮುಖ್ಯಸ್ಥರ ನೇತೃತ್ವದಲ್ಲಿ, ಮುಖ್ಯಸ್ಥೆ ಹೊರಗಿದ್ದು, ನಿರ್ದೇಶಕರೂ ತಮ್ಮ ಪಾತ್ರದಲ್ಲೇ ಭಾಗವಹಿಸುವ ಒಂದು ಅಣಕು ಅಭ್ಯಾಸ ನಡೆಸಬೇಕೆಂದು ಸಲಹೆ ಕೊಟ್ಟಿದ್ದೇನೆ. ನಿರ್ದೇಶಕರು ಒಪ್ಪಿದ್ದಾರೆ, ದಿನ ಇನ್ನೂ ಗೊತ್ತಾಗಿಲ್ಲ.